ಕೌದಿಯವರ ಓಣಿಯ ಅನಸೂಯಾ

ನಮ್ಮೂರಿನಲ್ಲಿ ಯಾರಿಗೆ ಏನು ಬೇಕಾದರೂ ಖಣಿಯ ದಂಡೆಗೆ ಹೋಗಿ ಕೂಗಿ ಹೇಳಬೇಕು. ಕಲ್ಲು ತೆಗೆದು ತೆಗೆದು, ಇನ್ನು ಇಳಿಯಲು ಭಯವಾಗುವಷ್ಟು ಆಳವಾದ ಮೇಲೆ ಬಿಟ್ಟುಬಿಟ್ಟ ಖಣಿ ಅದು. ದಂಡೆಯಲ್ಲಿ ಒಂದು ಹಾಸುಗಲ್ಲಿದೆ. ಅದರ ಮೇಲೆ ನಿಂತು ಮೊದಲು ನಿಮ್ಮ ಹೆಸರು, ಆಮೇಲೆ ಓಣಿ, ಆಮೇಲೆ ಬೇಕಾದದ್ದು. ಅಷ್ಟೇ. ಹೇಳಿದ್ದು ಕೆಳಗಿನಿಂದ ನಿಮ್ಮದೇ ದನಿಯಲ್ಲಿ ಮರಳಿ ಬಂದರೆ ಮನೆಗೆ ಹೋಗಬಹುದು. ಮರುದಿನ ಬಿಸಿಲೇರುವುದರೊಳಗೆ ತರುವವರು ಬರುತ್ತಾರೆ. ನೀರಿನ ಟ್ಯಾಂಕರ್, ಜ್ವರದ ಗುಳಿಗೆ, ರೇಷನ್ ಅಕ್ಕಿ, ಸೂಲಗಿತ್ತಿ, ಕರೆಂಟು ಹೋಗಿದ್ದರೆ ಕಂಬ ಹತ್ತುವವನು, ಎಲ್ಲ ಹೀಗೆಯೇ. ಮರಳಿ ಬರದಿದ್ದರೆ ಏನೂ ಬರುವುದಿಲ್ಲ. ಮೊದಲು ಇವಕ್ಕೆಲ್ಲ ಪೇಟೆಯ ನಡುವೆ ಒಂದು ಆಫೀಸಿತ್ತು. ಸಾಲಾಗಿ ಕಿಟಕಿಗಳಿದ್ದವು, ಕಿಟಕಿಗಳ ಹಿಂದೆ ಬೈಯುವ ಗುಮಾಸ್ತರಿದ್ದರು. ಒಂದು ಬೆಳಿಗ್ಗೆ ನೋಡಿದರೆ ಕಿಟಕಿಗಳಿಗೆಲ್ಲ ಒಳಗಿನಿಂದ ಹಲಗೆ ಬಡಿದಿತ್ತು. ಹೊರಗೋಡೆಯ ಮೇಲೆ ಖಣಿಯ ದಿಕ್ಕಿಗೆ ಒಂದು ಬಾಣ ಬರೆದಿತ್ತು.

ಜನ ಹೊಂದಿಕೊಂಡರು. ಬೆಳಿಗ್ಗೆ ಎದ್ದ ಕೂಡಲೇ ಮೆಣಸು ಶುಂಠಿ ಕುದಿಸಿ ಕುಡಿದು ಗಂಟಲು ಸರಿಮಾಡಿಕೊಳ್ಳುವುದು ಮನೆಮನೆಯ ರೂಢಿಯಾಯಿತು. ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿಯ ಜೊತೆ ಕೂಗುವುದನ್ನೂ ಕಲಿಸಿದರು. ಹೆಣ್ಣು ನೋಡಲು ಬಂದವರು ಹಾಡು ಬರುತ್ತದೆಯೇ ಎಂದು ಕೇಳುವುದನ್ನು ಬಿಟ್ಟು, ಹುಡುಗಿಯ ದನಿ ಮರಳುತ್ತದೆಯೇ ಎಂದು ಕೇಳತೊಡಗಿದರು. ಒಬ್ಬರ ದನಿ ಅವರವರ ಹೆಸರಿಗೆ ಮಾತ್ರ ಮರಳುತ್ತಿತ್ತು. ಮಗ ತಾಯಿಯ ಹೆಸರು ಹೇಳಿ ಕೂಗಿದರೆ ಆಗುತ್ತಿರಲಿಲ್ಲ. ಸತ್ತಾಗ ಮಾತ್ರ, ಸತ್ತವರು ಬಂದು ಹೇಳುವಂತಿಲ್ಲವಲ್ಲ, ರಕ್ತಸಂಬಂಧಿಯೊಬ್ಬರು ಹೋಗಿ ಅವರ ಹೆಸರು, ಓಣಿ ಹೇಳಿ ‘ಇಲ್ಲ’ ಎನ್ನಬೇಕಿತ್ತು. ಅದು ಮರಳಿದ ಮೇಲೆ ಹೆಣ ಒಯ್ಯುವವರು ಬರುತ್ತಿದ್ದರು. ನಮ್ಮದು ಬಂಡೆಯ ಮೇಲಿನ ಊರು. ಗುದ್ದಲಿ ಎತ್ತಿ ಹಾಕಿದರೆ ಕಿಡಿ ಹಾರುತ್ತದೆಯೇ ಹೊರತು ಗೇಣು ಮಣ್ಣೂ ಸಿಗುವುದಿಲ್ಲ. ಗುಂಡಿ ತೋಡಲು ಅವರ ಯಂತ್ರವೇ ಬೇಕು.

ನಾನು ಓದು ಮುಗಿಸಿ ಊರಿಗೆ ಮರಳುವ ಹೊತ್ತಿಗೆ ಅಪ್ಪ ಅವ್ವ ಇಬ್ಬರೂ ತೀರಿಹೋಗಿದ್ದರು. ಹಳೇ ಶಾಲೆ ಓಣಿಯಲ್ಲಿ ಎರಡು ಕೋಣೆಯ ಮನೆ ಉಳಿದಿತ್ತು. ಕೆಲಸವಿರಲಿಲ್ಲ. ಯಾರೊಂದಿಗೂ ಹೆಚ್ಚು ಮಾತು ಬೇಕೆನಿಸುತ್ತಿರಲಿಲ್ಲ. ಆದರೂ ಹಾಸುಗಲ್ಲಿನ ಮೇಲೆ ಮೊದಲ ಸಲ ನಿಂತು ‘ಅನಸೂಯಾ, ಹಳೇ ಶಾಲೆ ಓಣಿ, ನೀರು’ ಎಂದಾಗ ನನ್ನ ದನಿ ತೊಳೆದ ಪಾತ್ರೆಯ ಹಾಗೆ ಸ್ವಚ್ಛವಾಗಿ ಮರಳಿ ಬಂತು. ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂಥ ದನಿಯನ್ನು ಅವರು ಕೇಳಿರಲಿಲ್ಲವಂತೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ದನಿಯಲ್ಲ. ನನ್ನ ಹಿಂದೆ ಸರದಿಯಲ್ಲಿದ್ದ ಮುದುಕಿ ಕೂಗಿದ ಮೇಲೆ ಬಂದ ಮೌನ. ಆಕೆ ರಾಚವ್ವ, ಹಳೆಯ ಸೀರೆ ಧೋತರಗಳ ತುಂಡು ಸೇರಿಸಿ ಕೌದಿ ಹೊಲಿಯುವವಳು. ಕಣ್ಣಿನ ಒತ್ತಡಕ್ಕೆ ಹಾಕುವ ಹನಿ ಆಕೆಗೆ ಬೇಕಿತ್ತು. ಅದಿಲ್ಲದೆ ಒಂದು ಕಣ್ಣು ಆಗಲೇ ಮಬ್ಬಾಗಿತ್ತು, ಇನ್ನೊಂದಕ್ಕೂ ಮಬ್ಬು ಇಳಿಯುತ್ತಿತ್ತು. ಆಕೆ ಕೂಗಿ, ಕೈಯನ್ನು ಕಿವಿಗೆ ಹಚ್ಚಿ ನಿಂತಳು. ಏನೂ ಬರಲಿಲ್ಲ. ದನಿ ಬರದಿರುವುದು ಬೇರೆ, ಇದು ಬೇರೆ. ಕೆಳಗೆ ಯಾರೋ ಬಾಯಿ ಮುಚ್ಚಿಕೊಂಡು ಕುಳಿತಿದ್ದಾರೆ ಅನಿಸುವಂಥ ಮೌನ. ಸರದಿಯಲ್ಲಿದ್ದವರು ಗೊಣಗಿದರು. ರಾಚವ್ವ ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ಸರಿದಳು. ನಾನು ಅಲ್ಲೇ ನಿಂತಿದ್ದೆ. ಆ ಮೌನ ಇನ್ನೂ ಮುಗಿದಿಲ್ಲ ಅನಿಸುತ್ತಿತ್ತು.

ಅಂಥವರು ಊರಿನಲ್ಲಿ ಬಹಳ ಇದ್ದರು. ತರುವವರ ಕಣ್ಣಿಗೆ ಅವರು ಬೀಳುತ್ತಲೂ ಇರಲಿಲ್ಲ. ಬೂದು ಬಣ್ಣದ ಅಂಗಿಯ ಆ ಜನ ಬಾಗಿಲಿಗೆ ಬಂದು ಹೆಸರು ಕೇಳುತ್ತಾರೆ. ‘ಹೌದು’ ಎಂದರೆ ಕೊಟ್ಟು ಹೋಗುತ್ತಾರೆ, ಬೇರೇನೂ ಮಾತಾಡುವುದಿಲ್ಲ. ಕೂಗು ಮರಳದವರು ಅವರೆದುರಿಗೇ ನಿಂತರೂ ನೋಟ ಆಚೆಗೆ ಹಾಯ್ದುಹೋಗುತ್ತದೆ. ಒಮ್ಮೆ ಪಕ್ಕದ ಮನೆಗೆ ಬಂದಿದ್ದ ಒಬ್ಬನ ತೋಳನ್ನು ರಾಚವ್ವ ಹಿಡಿದುಕೊಂಡಿದ್ದಳಂತೆ. ಆತ ಬೇಲಿಯ ಮುಳ್ಳಿಗೆ ಅಂಗಿ ಸಿಕ್ಕಿತೇನೋ ಎನ್ನುವ ಹಾಗೆ ತೋಳು ನೋಡಿಕೊಂಡು, ಬಿಡಿಸಿಕೊಂಡು ನಡೆದನಂತೆ.

ನಾನು ಮೊದಲು ಮಾಡಿದ್ದು ಕಲಿಸುವ ಕೆಲಸ. ಖಣಿಗೆ ಬರಿಯ ಮಾತು ಬೇಕಿತ್ತು, ಹೆಸರು, ಓಣಿ, ವಸ್ತು. ಬೇಡಿಕೊಂಡರೆ, ಕಷ್ಟ ಹೇಳಿಕೊಂಡರೆ ಅದು ನುಂಗಿಬಿಡುತ್ತಿತ್ತು. ರಾಚವ್ವನಿಗೆ ಅದೇ ಆಗುತ್ತಿರಲಿಲ್ಲ. ಹೆಸರು ಹೇಳುತ್ತಿದ್ದಂತೆಯೇ ತನ್ನ ತವರುಮನೆ ಬರುತ್ತಿತ್ತು, ಹೋದ ಸಲ ಆಫೀಸಿನವರು ಕೊಟ್ಟ ಹನಿ ಎಷ್ಟು ತಂಪಾಗಿತ್ತು ಅನ್ನುವುದು ಬರುತ್ತಿತ್ತು, ಕೆಳಗಿದ್ದವರ ಆರೋಗ್ಯದ ವಿಚಾರಣೆ ಬರುತ್ತಿತ್ತು. ನಾನು ತಿದ್ದಿದರೆ ಆಕೆಗೆ ಸಿಟ್ಟು.

“ಯಾರರ ಮನೀಗೆ ಹೋಗಿ, ಹೊಸ್ತಿಲದಾಗ ನಿಂತು, ಸಕ್ರಿ ಕೊಡ್ರಿ ಅಂತ ಒಮ್ಮೇಕ ಕೇಳ್ತಾರೇನವ್ವಾ?” ಎಂದಳು. “ಮೊದ್ಲ ಹೆಂಗದೀರಿ ಅನ್ನಬೇಕು. ಹುಡುಗ್ರು ಆರಾಮೇನು ಅನ್ನಬೇಕು. ಆಮ್ಯಾಲೆ ಸಕ್ರಿ. ನಿನಗ ಸಾಲ್ಯಾಗ ಇದನ್ನ ಕಲಸಲಿಲ್ಲೇನು?”

ದಿನಗಟ್ಟಲೆ ಅಭ್ಯಾಸ ಮಾಡಿಸಿದೆ. ಒಂದು ಬೆಳಿಗ್ಗೆ ಆಕೆ ಹಾಸುಗಲ್ಲಿನ ಮೇಲೆ ನಿಂತು, ಕಣ್ಣು ಮುಚ್ಚಿ, ‘ರಾಚವ್ವ, ಕೌದಿಯವರ ಓಣಿ, ಕಣ್ಣಿನ ಹನಿ’ ಎಂದಳು. ಅಷ್ಟೇ ಎಂದಳು. ನಾವು ಕಾದೆವು. ಕೆಳಗೆ ಏನೋ ಅಲುಗಿದ ಹಾಗಾಯಿತು. ದನಿಯೊಂದು ಮೇಲೇಳಲು ಉಸಿರು ಎಳೆದುಕೊಂಡ ಹಾಗೆ. ರಾಚವ್ವನ ಮುಖ ಅರಳಿತು, ತಡೆಯಲಾಗಲಿಲ್ಲ. ‘ಚಲೋ ಆತಪ್ಪಾ, ನಿನಗ ಪುಣ್ಯ ಬರಲಿ’ ಎಂದು ಕೈಮುಗಿದುಬಿಟ್ಟಳು. ಅಲುಗಿದ್ದು ನಿಂತುಹೋಯಿತು. ಸರದಿಯಲ್ಲಿದ್ದವರು ನಕ್ಕರು. ಬರುವಾಗ ದಾರಿಯುದ್ದಕ್ಕೂ ಆಕೆ ನನ್ನ ಕೈ ಹಿಡಿದುಕೊಂಡಿದ್ದಳು, ಕಲ್ಲು ಎಡವಬಾರದೆಂದು.

ಆ ದಿನವೇ ನನಗೆ ಸುಲಭದ ದಾರಿ ಕಂಡಿತು. ರಾಚವ್ವನ ಹೆಸರಿಗೆ ನನ್ನ ದನಿ ಮರಳುವುದಿಲ್ಲ. ಆದರೆ ನನ್ನ ಹೆಸರಿಗೆ ಮರಳುತ್ತದೆ, ಓಣಿ ಯಾವುದಾದರೇನು. ಮರುದಿನ ನಾನೇ ನಿಂತು ‘ಅನಸೂಯಾ, ಕೌದಿಯವರ ಓಣಿ, ಕಣ್ಣಿನ ಹನಿ’ ಎಂದೆ. ತಕ್ಷಣ ಮರಳಿತು. ತಮ್ಮ ಹೆಸರಿನಲ್ಲಿ ಇನ್ನೊಬ್ಬರಿಗೆ ಬೇಕಾದದ್ದನ್ನು ಕೇಳಿದ ಬೇರೆ ಯಾರ ದನಿಯೂ, ಹೆತ್ತ ಮಕ್ಕಳದೂ, ಹಾಗೆ ಮರಳಿರಲಿಲ್ಲ. ತರುವವನು ರಾಚವ್ವನ ಬಾಗಿಲಿಗೆ ಬಂದು ‘ಅನಸೂಯಾ?’ ಎಂದ. ‘ಹೌದು ಅನ್ನು’ ಎಂದು ನಾನು ಒಳಗಿನಿಂದ ಪಿಸುಗುಟ್ಟಿದೆ. ಆಕೆ ಹೌದೆಂದಳು. ಆತ ಮೊದಲ ಸಲ ಆಕೆಯ ಮುಖ ನೋಡಿದ.

ಸುದ್ದಿ ಹಬ್ಬಿತು. ಯಾರನ್ನೂ ನಾನು ಇಲ್ಲವೆಂದು ಕಳಿಸಲಿಲ್ಲ. ನಮ್ಮೂರಿನ ಓಣಿಓಣಿಯಲ್ಲೂ ಒಬ್ಬೊಬ್ಬ ಅನಸೂಯಾ ಹುಟ್ಟಿಕೊಂಡಳು. ಸುಣ್ಣದ ಭಟ್ಟಿ ಓಣಿಯ ಅನಸೂಯಾ ಎಂದರೆ ಲಾಲಸಾಬ. ಇದೇ ಖಣಿಯಲ್ಲಿ ಕಲ್ಲು ಒಡೆದು ಪುಪ್ಪುಸದ ತುಂಬ ಕಲ್ಲಿನ ಹುಡಿ ತುಂಬಿಕೊಂಡ ಮನುಷ್ಯ. ಹೊಟ್ಟೆಯವರೆಗೆ ಬಿಳಿ ಗಡ್ಡ. ಮಾತಾಡಿದರೆ ದನಿಗಿಂತ ಉಸಿರೇ ಹೆಚ್ಚು ಕೇಳುತ್ತಿತ್ತು. ಮೂಗಿಗೆ ನಳಿಗೆ, ನಳಿಗೆಗೆ ಆಕ್ಸಿಜನ್ ಸಿಲಿಂಡರ್. ಮನೆಯಲ್ಲಿ ಅದಕ್ಕೆ ಗಾಳಿ ಎಂದಷ್ಟೇ ಹೆಸರು. ನಾನು ಕೂಗುವ ಮೊದಲು ಅವನ ಮಗಳು ಬೀಬಿಜಾನ ಮನೆಮನೆ ತಿರುಗಿ ಯಾರೋ ಮುಗಿಸಿ ಬಿಟ್ಟ ಸಿಲಿಂಡರಿನಲ್ಲಿ ಉಳಿದದ್ದನ್ನು ಬೇಡಿ ತರುತ್ತಿದ್ದಳು. ತರುವವನು ಬಂದು ‘ಅನಸೂಯಾ?’ ಎಂದಾಗ ಲಾಲಸಾಬ ಗಡ್ಡ ಸವರಿಕೊಂಡು, ‘ಹೌದ್ರಿ, ನಾನ ಅನಸೂಯಾ’ ಎನ್ನುತ್ತಿದ್ದ. ಬೀಬಿಜಾನ ಬಾಯಿಗೆ ಓಢಣಿ ಒತ್ತಿಕೊಂಡು ಒಳಗೆ ಓಡುತ್ತಿದ್ದಳು.

ಮುದುಕರಿಗೆ ಇದೊಂದು ಆಟವಾಯಿತು. ಪೇಟೆಯಲ್ಲಿ ಎದುರಾದರೆ ಒಬ್ಬರನ್ನೊಬ್ಬರು ಆ ಹೆಸರಿನಿಂದಲೇ ಮಾತಾಡಿಸುತ್ತಿದ್ದರು. ‘ಏ ಅನಸೂಯಾ, ಗಡ್ಡಕ್ಕೆ ಸ್ವಲ್ಪ ಎಣ್ಣಿ ಹಚ್ಚಬೇ, ಗಂಡ ಬಿಟ್ಟಾನು’ ಎಂದು ರಾಚವ್ವ ರಸ್ತೆಯ ಈಚೆಯಿಂದ ಕೂಗಿದರೆ, ಲಾಲಸಾಬ ಅಂಗಳದ ಕುರ್ಚಿಯಿಂದಲೇ, ‘ನಿನ್ನ ಗಂಡಗ ಹೇಳಿಕೋ, ಅನಸೂಯಾ’ ಎನ್ನುತ್ತಿದ್ದ. ನಗುವಿಗೆ ಅವನ ಸಿಲಿಂಡರು ಸುಯ್ಯೆನ್ನುತ್ತಿತ್ತು.

ನನಗೂ ನಗು ಬರುತ್ತಿತ್ತು, ಮೊದಮೊದಲು. ಆಮೇಲೆ ಯಾರಾದರೂ ಹಿಂದಿನಿಂದ ‘ಅನಸೂಯಾ’ ಎಂದರೆ ತಿರುಗಿ ನೋಡುವುದು ಬಿಟ್ಟುಹೋಯಿತು. ಬೇರೆ ಯಾರನ್ನೋ ಕರೆದಿರಬೇಕು ಅನಿಸುತ್ತಿತ್ತು. ನಿಜಕ್ಕೂ ಬೇರೆ ಯಾರೋ ತಿರುಗಿ ನೋಡುತ್ತಿದ್ದರು. ಖಣಿಯಿಂದ ಮರಳುವ ದನಿಯೂ ಬದಲಾಯಿತು. ಒಂದು ಸಲ ನಾನು ನನ್ನ ಮನೆಗೆ ಅಕ್ಕಿ ಕೇಳಿದೆ. ಮರಳಿ ಬಂದ ದನಿ ನನ್ನದೇ, ಆದರೆ ‘ಓಣಿ’ ಎಂಬಲ್ಲಿ ಉಸಿರು ಸಿಕ್ಕಿಕೊಂಡಿತು, ಎಳೆದುಕೊಂಡಿತು, ಆಮೇಲೆ ‘ಅಕ್ಕಿ’ ಎಂದಿತು. ನಾನು ಹಾಗೆ ಕೂಗಿರಲಿಲ್ಲ. ಇನ್ನೊಂದು ಸಲ ಕೊನೆಯಲ್ಲಿ ಯಾರೋ ಕೆಮ್ಮಿದರು. ಸರದಿಯವರಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಕೂಗಿದ ಕೂಡಲೇ ಮನೆಗೆ ಹೋಗುವವರಿಗೆ ಕೊನೆ ಹೇಗೆ ಕೇಳಿಸಬೇಕು. ನಾನು ಮಾತ್ರ ಕೊನೆಯವರೆಗೆ ನಿಲ್ಲುತ್ತಿದ್ದೆ, ಮನೆಗೆ ಹೋಗಿ ಮಾಡುವಂಥದ್ದು ಏನೂ ಇರುತ್ತಿರಲಿಲ್ಲ.

ಬೇಸಿಗೆಯ ಮೊದಲ ವಾರಗಳಲ್ಲಿ ರಾಚವ್ವ ಸತ್ತಳು. ಬೆಳಿಗ್ಗೆ ಕೌದಿ ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದವಳು ಗೋಡೆಗೆ ಒರಗಿದಳಂತೆ, ಮಗ ಚಹಾ ತಂದಾಗ ಸೂಜಿ ಬಟ್ಟೆಯಲ್ಲೇ ನೆಟ್ಟಿತ್ತಂತೆ. ಸುದ್ದಿ ಕೇಳಿ ಹೋಗಿ ಕುಳಿತುಬಂದೆ. ಹಣೆಗೆ ವಿಭೂತಿ ಹಚ್ಚಿದ್ದರು. ಅಳುವವರು ಅಳುತ್ತಿದ್ದರು. ಮಗ ದುಂಡಪ್ಪ ಖಣಿಗೆ ಹೋಗಿದ್ದಾನೆ, ಇಷ್ಟರಲ್ಲೇ ಬರುತ್ತಾನೆ ಎಂದರು.

ದುಂಡಪ್ಪ ಟೇಲರ್, ನನ್ನ ವಾರಿಗೆಯವನು. ಅವನ ದನಿ ಚೆನ್ನಾಗಿ ಮರಳುತ್ತಿತ್ತು. ಆದರೆ ಮರುದಿನ ಬಿಸಿಲೇರಿದರೂ ಹೆಣ ಒಯ್ಯುವವರು ಬರಲಿಲ್ಲ. ಮಧ್ಯಾಹ್ನ ಅವನು ನನ್ನ ಮನೆಗೆ ಬಂದು ಹೊಸ್ತಿಲಲ್ಲೇ ನಿಂತ. ನೀರು ಕೊಟ್ಟರೆ ಕುಡಿಯಲಿಲ್ಲ. ಮೊದಲು ಹೆಂಗದೀರಿ ಎಂದ. ಆಮೇಲೆ ಹೇಳಿದ. ನಿನ್ನೆ ‘ರಾಚವ್ವ, ಕೌದಿಯವರ ಓಣಿ, ಇಲ್ಲ’ ಎಂದು ಎಷ್ಟು ಸಲ ಕೂಗಿದರೂ ಮರಳಿರಲಿಲ್ಲ. ಇವತ್ತು ಬೆಳಿಗ್ಗೆಯೂ ಹೋಗಿದ್ದ.

“ತಪ್ಪ ತಿಳಕೋಬ್ಯಾಡ್ರಿ ಅಕ್ಕಾರ,” ಎಂದ, ಕಾಲ ಬೆರಳಿನಿಂದ ನೆಲ ಕೆರೆಯುತ್ತ. “ನಿಮ್ಮ ಹೆಸರಲ್ಲೇ ಇಲ್ಲ ಅಂದು ನೋಡಿದ್ನಿ. ಅದೂ ಬರಲಿಲ್ಲ. ನಾ ನಿಮಗ ಏನೂ ಸಂಬಂಧ ಅಲ್ಲಲ್ಲ.”

ನನಗೆ ಒಮ್ಮೆಲೇ ಎಲ್ಲ ತಿಳಿಯಿತು. ರಾಚವ್ವ ಎಂಬುವಳ ಕೂಗನ್ನು ಖಣಿ ಎಂದೂ ಮರಳಿಸಿರಲಿಲ್ಲ. ಇರದವಳನ್ನು ಇಲ್ಲ ಎಂದು ಹೇಳುವುದು ಹೇಗೆ. ಕೌದಿಯವರ ಓಣಿಯ ಆ ಮನೆಯಲ್ಲಿ ಇದ್ದವಳು ಅನಸೂಯಾ, ಸತ್ತಿದ್ದೂ ಅನಸೂಯಾ. ಅನಸೂಯಾಳಿಗೆ ರಕ್ತಸಂಬಂಧಿ ಎಂದು ಈ ಊರಿನಲ್ಲಿ ಉಳಿದವಳು ನಾನೊಬ್ಬಳೇ.

“ಅವ್ವ ಅಲ್ಲೇ ಕುಂತಾಳ,” ಎಂದ ದುಂಡಪ್ಪ. “ಶೆಕಿ ಬಾಳ ಐತಿ ಅಕ್ಕಾರ. ಬಾಗಲಾ ಹಾಕಿ ಬಂದೀನಿ.”

ಇಲ್ಲ ಎಂಬುದು ಒಂದು ಓಣಿಗೆ ನಿಲ್ಲುವ ಮಾತೇ ಎಂದು ಯೋಚಿಸುತ್ತಿದ್ದೆ. ನನಗೆ ನೀರು ಬರದಿದ್ದರೆ ಬಾವಿಯಿದೆ, ನೆರೆಯವರಿದ್ದಾರೆ. ಆದರೆ ಸುಣ್ಣದ ಭಟ್ಟಿ ಓಣಿಯ ಸಿಲಿಂಡರು ನಾಳೆ ಸಂಜೆಯವರೆಗೆ ಬಂದರೆ ಹೆಚ್ಚು. ಅನಸೂಯಾ ಇಲ್ಲವಾದರೆ ಲಾಲಸಾಬನಿಗೆ ಗಾಳಿ ಇಲ್ಲ. ಸತ್ತವಳಿಗೆ ನೆಲ ಬೇಕಿತ್ತು, ಬದುಕಿದ್ದವನಿಗೆ ಉಸಿರು ಬೇಕಿತ್ತು, ಎರಡಕ್ಕೂ ನನ್ನದೊಂದೇ ಹೆಸರು.

ಇಬ್ಬರೂ ಲಾಲಸಾಬನ ಮನೆಗೆ ಹೋದೆವು. ನಾನು ಹೇಳಿದ್ದನ್ನೆಲ್ಲ ಅವನು ಅಂಗಳದ ಕುರ್ಚಿಯಲ್ಲಿ ಕುಳಿತು ಕೇಳಿದ. ಬೀಬಿಜಾನ ನಡುವೆಯೇ ಎದ್ದು, ಹಾಗೆ ಮಾಡಬೇಡ ಅಕ್ಕಾ, ಬೇರೆ ಯಾರದಾದರೂ ಹೆಸರು ಹುಡುಕು ಎಂದಳು. ಸತ್ತವರಿಗೆ ಒಂದು ದಿನ ತಡವಾದರೆ ಏನೂ ಆಗುವುದಿಲ್ಲ, ಇವರಿಗೆ ಒಂದು ಗಂಟೆ ತಡವಾದರೂ ಆಗುತ್ತದೆ ಎಂದಳು. ಅವಳ ಮಾತು ಸರಿಯಾಗಿಯೇ ಇತ್ತು. ಮೂಲೆಯಲ್ಲಿ ನಿಂತ ದುಂಡಪ್ಪ ತಲೆ ತಗ್ಗಿಸಿದ. ಲಾಲಸಾಬ ಮಗಳ ಕಡೆ ಕೈಯೆತ್ತಿ ಸುಮ್ಮನಿರಿಸಿದ.

“ಆಕಿ ನನಗ ದಿನಾ ಬೈತಿದ್ಲು,” ಎಂದ. ಒಂದೊಂದು ಮಾತಿಗೂ ನಿಲ್ಲುತ್ತ ಹೇಳಿದ. “ಈ ಶೆಕ್ಯಾಗ ಇಡಬ್ಯಾಡ್ರಿ ಆಕಿನ್ನ. ನನ್ನ ಅಲ್ಲಿಗೆ ಒಯ್ರಿ. ನನ್ನ ಹೆಸರ ನಾನ ಹೇಳಿ ನೋಡ್ತೀನಿ. ಬೇಟಾ, ಆಮ್ಯಾಲೆ ನೀ ಹೇಳು.”

ಕುರ್ಚಿಯ ಸಮೇತ ಎತ್ತಿಕೊಂಡೆವು. ಒಂದು ಕಡೆ ದುಂಡಪ್ಪ, ಒಂದು ಕಡೆ ನಾನು, ಸಿಲಿಂಡರು ಹೊತ್ತು ಬೀಬಿಜಾನ. ಆ ಬಿಸಿಲಿನಲ್ಲಿ ದಂಡೆಯ ಮೇಲೆ ಯಾರೂ ಇರಲಿಲ್ಲ. ಹಾಸುಗಲ್ಲಿನ ಮೇಲೆ ಕುರ್ಚಿ ಇಳಿಸಿದೆವು. ಲಾಲಸಾಬ ಬಹಳ ಹೊತ್ತು ಕೆಳಗೆ ನೋಡುತ್ತ ಕುಳಿತ. ತಾನು ದಿನಗೂಲಿಗೆ ಇಳಿದು ಹತ್ತಿದ ಜಾಗವನ್ನು ಹಾಗೆ ಕುಳಿತು ನೋಡುವುದು ಅವನಿಗೆ ಅದೇ ಮೊದಲಿರಬೇಕು. ಆಮೇಲೆ ಮೂಗಿನ ನಳಿಗೆ ತೆಗೆದು ಮಗಳ ಕೈಗೆ ಕೊಟ್ಟ. ಕೂಗಲಿಲ್ಲ, ಅವನಿಂದ ಆಗುತ್ತಲೂ ಇರಲಿಲ್ಲ. ‘ಲಾಲಸಾಬ’ ಎಂದ. ಉಸಿರು ಎಳೆದುಕೊಂಡ. ‘ಸುಣ್ಣದ ಭಟ್ಟಿ ಓಣಿ’ ಎಂದ. ಮತ್ತೆ ಎಳೆದುಕೊಂಡ. ‘ಗಾಳಿ.’ ಪಕ್ಕದಲ್ಲಿ ನಿಂತ ನನಗೇ ಸರಿಯಾಗಿ ಕೇಳಿಸಲಿಲ್ಲ.

ನಾವು ಕಾದೆವು. ಖಣಿಯ ಗೋಡೆಗಳು ಬಿಸಿಲಿಗೆ ಬೆಳ್ಳಗೆ ಉರಿಯುತ್ತಿದ್ದವು. ಏನೂ ಬರಲಿಲ್ಲ. ಬೀಬಿಜಾನ ತಂದೆಗೆ ನಳಿಗೆ ಹಾಕಿ, ನನ್ನ ಕಡೆ ಒಮ್ಮೆ ನೋಡಿ, ಮುಖ ಆಚೆ ತಿರುಗಿಸಿಕೊಂಡಳು. ದುಂಡಪ್ಪ ಊರಿನ ಕಡೆ ನೋಡುತ್ತಿದ್ದ. ಲಾಲಸಾಬ ನನಗೆ ತಲೆಯಾಡಿಸಿದ.

ನಾನು ಕುರ್ಚಿಯ ಪಕ್ಕ ನಿಂತು ಹೇಳಿದೆ. ಅನಸೂಯಾ, ಕೌದಿಯವರ ಓಣಿ, ಇಲ್ಲ.

ಮುಗಿಸುವುದರೊಳಗೆ ಮರಳಿತು. ಮೊದಲ ದಿನದ ಹಾಗೆ ಸ್ವಚ್ಛವಾಗಿ, ಕೆಮ್ಮಿಲ್ಲದೆ, ನನ್ನೊಬ್ಬಳದೇ ದನಿಯಲ್ಲಿ. ಆಮೇಲೆ ಇನ್ನೊಂದು ಗೋಡೆಯಿಂದ ಬಂತು, ಅನಸೂಯಾ, ಸುಣ್ಣದ ಭಟ್ಟಿ ಓಣಿ, ಇಲ್ಲ. ನಾನು ಅದನ್ನು ಹೇಳಿರಲಿಲ್ಲ. ಆಮೇಲೆ ಗಾಣಿಗರ ಓಣಿ. ಕೆರೆಯ ಓಣಿ. ಒಂದೊಂದೇ ಓಣಿಯ ಹೆಸರು ಹಿಡಿದು ನನ್ನ ದನಿ ಮೇಲೆ ಬಂದು ಇಲ್ಲ ಎಂದು ಹೇಳಿ ಹೋಯಿತು. ಕೊನೆಯಲ್ಲಿ ಹಳೇ ಶಾಲೆ ಓಣಿ ಬಂತು. ನಮ್ಮ ಮನೆಯ ಬಾಗಿಲನ್ನು ಯಾರೋ ಮೆಲ್ಲಗೆ ಮುಂದೆ ಮಾಡಿದ ಹಾಗೆ ಅದು ಹೇಳಿತು. ದುಂಡಪ್ಪ ಎರಡೂ ಕಿವಿ ಮುಚ್ಚಿಕೊಂಡು ಕುಕ್ಕರಗಾಲಿನಲ್ಲಿ ಕುಳಿತಿದ್ದ.

ಹೆಣ ಒಯ್ಯುವವರು ಮರುದಿನದವರೆಗೆ ಕಾಯಿಸಲಿಲ್ಲ. ನಾನೂ ದುಂಡಪ್ಪನೂ ಕೌದಿಯವರ ಓಣಿ ಸೇರುವ ಹೊತ್ತಿಗೆ ಬೂದು ಗಾಡಿ ನಿಂತಿತ್ತು. ಮುಂದಿನವನು ‘ಅನಸೂಯಾ?’ ಎಂದು ಕೇಳಿದ, ದುಂಡಪ್ಪ ಹೌದೆಂದ. ಅವರು ನನ್ನ ಭುಜಕ್ಕೆ ತಾಗಿಕೊಂಡೇ ಒಳಗೆ ಹೋದರು. ತಾಗಿದವನು ನಿಂತು, ಬಾಗಿಲ ಚೌಕಟ್ಟನ್ನು ಮುಟ್ಟಿ ನೋಡಿ, ಒಳಗೆ ನಡೆದ. ಬಂಡೆಯಲ್ಲಿ ಗುಂಡಿ ಕೊರೆದರು, ರಾಚವ್ವನನ್ನು ಕೂರಿಸಿದರು, ಮೇಲೆ ಎಲ್ಲಿಂದಲೋ ತಂದ ಮಣ್ಣು ಹಾಕಿದರು. ಅವರು ನೆಟ್ಟುಹೋದ ಕಲ್ಲಿನ ಮೇಲೆ ನನ್ನ ಹೆಸರಿದೆ. ಅದರ ಮುಂದೆ ಊದುಬತ್ತಿ ಹಚ್ಚುವಾಗ ದುಂಡಪ್ಪ ನನ್ನ ಕಡೆ ನೋಡಲಿಲ್ಲ.

ಮಣ್ಣು ಮುಗಿಸಿ ನಾನು ನೇರ ಖಣಿಗೆ ಓಡಿದೆ. ನಾವು ಹೋದ ಮೇಲೆ ಲಾಲಸಾಬ ಮನೆಗೆ ಮರಳಲು ಒಪ್ಪಿರಲಿಲ್ಲವಂತೆ. ಕುರ್ಚಿ ಅಲ್ಲೇ ಇತ್ತು. ಬೀಬಿಜಾನ ಅತ್ತು ಸುಸ್ತಾಗಿ ಅವನ ಕಾಲ ಬಳಿ ಕುಳಿತಿದ್ದಳು. ಸೂರ್ಯ ಆಚೆ ದಂಡೆಗೆ ತಾಗಿದ್ದ. ನಾನೂ ಕುಳಿತೆ. ಮೌನ ಇತ್ತು. ರಾಚವ್ವ ಕೂಗಿದ ಮೊದಲ ದಿನ ಕೇಳಿಸಿದ್ದ, ಬಾಯಿ ಮುಚ್ಚಿಕೊಂಡ ಅದೇ ಮೌನ. ಖಣಿಯ ತಳಕ್ಕೆ ನೆರಳು ಇಳಿದು, ಗೋಡೆಗಳು ತಣ್ಣಗಾಗುತ್ತಿದ್ದಂತೆ, ಎಲ್ಲೋ ಬಹಳ ಕೆಳಗೆ ಯಾರೋ ಉಸಿರು ಎಳೆದುಕೊಂಡರು. ಬೀಬಿಜಾನ ನನ್ನ ಮಣಿಕಟ್ಟು ಹಿಡಿದಳು. ‘ಲಾಲಸಾಬ’ ಎಂದಿತು ಅದು. ಬಹಳ ಹೊತ್ತು ಬಿಟ್ಟು ‘ಸುಣ್ಣದ ಭಟ್ಟಿ ಓಣಿ.’ ನಾವು ಅಲುಗಲಿಲ್ಲ, ಮಾತಾಡಲಿಲ್ಲ, ಕೈ ಕೂಡ ಮುಗಿಯಲಿಲ್ಲ. ಕತ್ತಲಾಗುವುದಕ್ಕೆ ಸ್ವಲ್ಪ ಮೊದಲು ಅದು ‘ಗಾಳಿ’ ಎಂದಿತು.

ಮರುದಿನ ತರುವವನು ಹೊಸ ಸಿಲಿಂಡರು ಹೊತ್ತು ಬಂದು ‘ಲಾಲಸಾಬ?’ ಎಂದಾಗ ಅವನು ಸುಮ್ಮನೆ ನೋಡುತ್ತಿದ್ದನಂತೆ. ಬೀಬಿಜಾನ ಬೆನ್ನಿಗೆ ತಿವಿದ ಮೇಲೆ, ಹೌದು, ನಾನೇ, ಎಂದನಂತೆ.

ಈಗ ಮುದುಕರು ಖಣಿಗೆ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಚಾಪೆ, ನೀರು, ಎಲೆಅಡಿಕೆ, ಎಲ್ಲ ಇರುತ್ತದೆ. ಹೆಸರು, ಓಣಿ, ಬೇಕಾದದ್ದು ಹೇಳಿ ಅಲ್ಲೇ ಪಕ್ಕಕ್ಕೆ ಕೂರುತ್ತಾರೆ. ಕೆಲವರದು ಸಂಜೆಗೆ ಮರಳುತ್ತದೆ, ಕೆಲವರದು ವಾರಕ್ಕೆ, ಕೆಲವರದು ಇನ್ನೂ ಬಂದಿಲ್ಲ. ಸರದಿಯ ಹುಡುಗರು ನಗುತ್ತಾರೆ, ತಮ್ಮದು ಮುಗಿಸಿ ಹೋಗುತ್ತಾರೆ. ನಾನು ಮುದುಕರ ಜೊತೆ ಕೂರುತ್ತೇನೆ. ಮಾತಾಡಬೇಡಿ ಎಂದು ಸನ್ನೆ ಮಾಡುವುದು, ಯಾರದು ಬಂತೆಂದು ಹೇಳುವುದು, ಇಷ್ಟೇ ನನ್ನ ಕೆಲಸ. ನಾನು ಕೂಗಿದರೆ ಈಗ ಏನೂ ಮರಳುವುದಿಲ್ಲ. ಕಾದರೂ ಮರಳುವುದಿಲ್ಲ, ಅದು ಬೇರೆ ರೀತಿಯ ಮೌನ, ಒಳಗೆ ಯಾರೂ ಇಲ್ಲದ್ದು. ಊಟ ಬೀಬಿಜಾನಳ ಮನೆಯಲ್ಲಿ. ಟ್ಯಾಂಕರಿನವನು ನಮ್ಮ ಓಣಿಗೆ ಬಂದಾಗ ನನ್ನ ಕೊಡದ ಮೇಲೆ ಪೈಪು ಹಾಯಿಸಿ ಪಕ್ಕದ ಕೊಡಕ್ಕೆ ಬಿಡುತ್ತಾನೆ. ರಾಚವ್ವನ ಹಾಗೆ ಅವನ ತೋಳು ಹಿಡಿಯಲು ನಾನು ಹೋಗಿಲ್ಲ.

ಕೆಲವು ವಾರಗಳ ಹಿಂದೆ ಒಂದು ಮಧ್ಯಾಹ್ನ ದಂಡೆಯಲ್ಲಿ ಕುಳಿತಿದ್ದಾಗ ಕೆಳಗಿನಿಂದ ಒಂದು ಹೆಂಗಸಿನ ದನಿ ಬಂತು. ತವರುಮನೆಯ ಸುದ್ದಿ ಹೇಳಿತು. ಆಫೀಸಿನವರು ಕೊಟ್ಟ ಹನಿ ಎಷ್ಟು ತಂಪಾಗಿತ್ತೆಂದು ಹೇಳಿತು. ಹುಡುಗರು ಆರಾಮೇನು ಎಂದು ವಿಚಾರಿಸಿತು. ಚಾಪೆಯ ಮೇಲಿದ್ದವರೆಲ್ಲ ಬಾಯಲ್ಲಿಟ್ಟುಕೊಂಡ ತುತ್ತನ್ನು ಹಾಗೆಯೇ ಹಿಡಿದು ಕೇಳಿದರು. ಆಮೇಲೆ ಅಭ್ಯಾಸ ಮಾಡಿದ ಮಕ್ಕಳ ಹಾಗೆ ಬಿಡಿಬಿಡಿಯಾಗಿ, ‘ರಾಚವ್ವ, ಕೌದಿಯವರ ಓಣಿ, ಕಣ್ಣಿನ ಹನಿ’ ಎಂದಿತು. ಕೊನೆಗೆ, ಬಹಳ ಸಂತೋಷದಿಂದ, ‘ಚಲೋ ಆತಪ್ಪಾ, ನಿನಗ ಪುಣ್ಯ ಬರಲಿ.’

ಮರುದಿನ ಬೆಳಿಗ್ಗೆ ನಾನು ದುಂಡಪ್ಪನ ಮನೆಯಲ್ಲಿದ್ದೆ. ಬರಬೇಕೆಂದು ಅವನು ಹೇಳಿಕಳಿಸಿದ್ದ. ಕಾರಣ ಇಬ್ಬರಿಗೂ ಗೊತ್ತಿತ್ತು. ಗೋಡೆಯ ಪಕ್ಕ ರಾಚವ್ವನ ಕೌದಿ ಸೂಜಿ ನೆಟ್ಟ ಹಾಗೆಯೇ ಬಿದ್ದಿತ್ತು. ಬಿಸಿಲೇರುವುದರೊಳಗೆ ತರುವವನು ಬಂದ. ಕೈಯಲ್ಲಿ ಕಣ್ಣಿನ ಹನಿಯ ಸಣ್ಣ ಸೀಸೆ. ‘ರಾಚವ್ವ?’ ಎಂದ. ದುಂಡಪ್ಪ ಕೌದಿಯಲ್ಲಿ ನೆಟ್ಟ ಸೂಜಿಯ ಕಡೆ ನೋಡಿದ. ಸತ್ತಿದ್ದಾಳೆ ಎಂದರೆ ಅವರಿಗೆ ಕೇಳಿಸುವುದಿಲ್ಲ, ಅದನ್ನು ಖಣಿಗೇ ಹೇಳಬೇಕು. ಆತ ಇನ್ನೊಮ್ಮೆ ಕೇಳಿದ. ಅವನ ನೋಟ ನನ್ನ ಎದೆಯ ಮೂಲಕ ಹಾಯ್ದು ಹಿಂದಿನ ಗೋಡೆಯ ಮೇಲಿತ್ತು.

“ಹೌದು,” ಎಂದೆ.

ನೋಟ ಹಿಂದಕ್ಕೆ ಬಂದು ನನ್ನ ಮುಖದ ಮೇಲೆ ನಿಂತಿತು. ಎಷ್ಟೋ ತಿಂಗಳ ಮೇಲೆ ಅವರಲ್ಲೊಬ್ಬ ನನ್ನನ್ನು ನೋಡುತ್ತಿದ್ದ. ಮೈಗೆ ಬಿಸಿನೀರು ಸುರಿದ ಹಾಗಾಯಿತು. ಸೀಸೆ ಕೈಗೆ ಕೊಟ್ಟು ಅವನು ಹೊರಟುಹೋದ. ದುಂಡಪ್ಪ ಒಳಗೆ ಹೋಗಿ ಗೋಡೆಯ ಪಕ್ಕ ಚಾಪೆ ಹಾಸಿದ.

“ಬಾಗಲದಾಗ ಯಾಕ ನಿಂತಿ,” ಎಂದ ಆಮೇಲೆ, ನನ್ನ ಕಡೆ ನೋಡದೆ. “ಒಳಗ ಬಾ, ಅವ್ವಾ.”

ನಾನು ಒಳಗೆ ಹೋಗಿ ಗೋಡೆಗೆ ಒರಗಿ ಕುಳಿತೆ. ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡೆ. ಹೊಲಿಗೆ ನನಗೆ ಬರುವುದಿಲ್ಲ, ಆದರೂ ಸೂಜಿ ನೆಟ್ಟಲ್ಲಿಂದಲೇ ಶುರುಮಾಡಿದೆ. ಈಗ ದಂಡೆಗೆ ಹೋಗದ ಹೊತ್ತೆಲ್ಲ, ದಿನಾ, ಅಲ್ಲೇ ಕೂರುತ್ತೇನೆ. ಖಣಿಯ ಕಡೆಯ ಕಿಟಕಿ ತೆರೆದಿಟ್ಟಿರುತ್ತೇನೆ. ಹೇಳಿದ್ದನ್ನು ಅದು ಹೇಳಿದ ಸರದಿಯಲ್ಲೇ ಮರಳಿಸುತ್ತ ಬಂದಿದೆ, ತವರುಮನೆಯ ಸುದ್ದಿ ಆಯಿತು, ಹನಿ ಆಯಿತು, ಪುಣ್ಯವೂ ಆಯಿತು. ರಾಚವ್ವನ ಹೆಸರಿನಲ್ಲಿ ಇನ್ನು ಅಲ್ಲಿ ಉಳಿದಿರುವುದು ಒಂದೇ ಮಾತು, ಆಕೆ ಸತ್ತ ದಿನ ದುಂಡಪ್ಪ ಕೂಗಿದ ‘ಇಲ್ಲ’. ಸೂಜಿ ಚುಚ್ಚುವಾಗ, ದಾರ ಎಳೆಯುವಾಗ, ಅದಕ್ಕೇ ಕಿವಿ ಕೊಟ್ಟಿರುತ್ತೇನೆ.